ಪ್ರಕಟಣೆಗಳಲ್ಲಿ ‘ಎಸ್ಟೇಟ್’ ಎಂದರೆ ಯಾವುದು ಎಂಬುದು ಓದುಗರಿಗೆ ತಿಳಿಯಲಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಜಾಹೀರಾತು ಪುಟದಲ್ಲಿ ಇತ್ತೀಚೆಗೆ ಒಂದೇ ದಿನ ಮೂರು ಕಡೆ ‘ಎಸ್ಟೇಟ್’ ಎಂಬ ಮಾತು ಅಚ್ಚಾಗಿತ್ತು. ಸುಂಟಿಕೊಪ್ಪದ ಬಳಿಯ ಎಸ್ಟೇಟ್‌ಗೆ ಅನುಭವವಿರುವ ರೈಟರ್ (ಲೆಕ್ಕ ಬರೆಯುವವರು) ಬೇಕಾಗಿದ್ದಾರೆ ಎಂದು ಮೊದಲನೆಯದರಲ್ಲಿ ಇತ್ತು. ಮಡಿಕೇರಿ ರಸ್ತೆಯ ಸಮೀಪ ಹಸಿರಿನ ನಡುವೆ ‘ಎಸ್ಟೇಟ್ ಪ್ಲಾಟು’ಗಳು ಮಾರಾಟಕ್ಕಿವೆ ಎಂದು ಎರಡನೆಯದು ಹೇಳುತ್ತಿತ್ತು. ಮೂರನೆಯದು ವಕೀಲರೊಬ್ಬರ ಮೂಲಕ ಬಂದ ಸಾರ್ವಜನಿಕ ಪ್ರಕಟಣೆ. ತೀರಿಕೊಂಡ ವ್ಯಕ್ತಿಯೊಬ್ಬರ ‘ಎಸ್ಟೇಟ್’ ಮೇಲೆ ಹಕ್ಕುಬಾಧ್ಯತೆ ಇರುವವರು ಹದಿನೈದು ದಿನಗಳೊಳಗೆ ತಕರಾರು ಸಲ್ಲಿಸತಕ್ಕದ್ದು ಎಂಬುದು ಅದರ ಒಕ್ಕಣೆ. ಮೊದಲನೆಯದರಲ್ಲಿ ಆ ಮಾತಿಗೆ ಕಾಫಿ ತೋಟವೆಂಬ ಅರ್ಥ, ಎರಡನೆಯದರಲ್ಲಿ ಮನೆ ಕಟ್ಟಿಕೊಳ್ಳುವ ಜಾಗವೆಂಬ ಸೂಚನೆ, ಮೂರನೆಯದರಲ್ಲಿ ಸತ್ತವರು ಬಿಟ್ಟುಹೋದ ಸಮಸ್ತ ಆಸ್ತಿ ಮತ್ತು ಸಾಲ. ಇಂಗ್ಲಿಷಿನಲ್ಲಿ ಈ ಮೂರೂ ಸರಿಯಾದ ಬಳಕೆಗಳೇ. ಆದರೆ ಕೊಡಗಿನಲ್ಲಿ ಹುಟ್ಟಿ ಬೆಳೆದ ಓದುಗನಿಗೆ ಮೂರು ಕಡೆಯೂ ಕಣ್ಣಿಗೆ ಬರುವುದು ಸಿಲ್ವರ್ ಮರದ ನೆರಳು, ಕಾಫಿ ಗಿಡ, ಮೆಣಸಿನ ಬಳ್ಳಿ. ಇದರಿಂದ ಆಗುತ್ತಿರುವ ನಷ್ಟವನ್ನು ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಸಬ್ ರಿಜಿಸ್ಟ್ರಾರ್ ಕಚೇರಿಯ ಬಳಿ ಬಹಳ ವರ್ಷ ಪತ್ರ ಬರಹಗಾರನಾಗಿ ಕೆಲಸ ಮಾಡಿದವನು. ಕ್ರಯಪತ್ರ, ಪಾಲುಪಟ್ಟಿ, ದಾನಪತ್ರ, ಉಯಿಲು ಇವುಗಳನ್ನು ಬರೆಯುವಾಗ ಒಂದು ಮಾತು ಅತ್ತಿತ್ತ ಆದರೂ ಮುಂದಿನ ತಲೆಮಾರು ಕೋರ್ಟು ಮೆಟ್ಟಿಲು ಹತ್ತಬೇಕಾಗುತ್ತದೆ ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಆದ್ದರಿಂದ ಪತ್ರಿಕೆಯಲ್ಲಿ ಬರುವ ಪ್ರಕಟಣೆಗಳನ್ನು ಸುದ್ದಿಗಿಂತ ಹೆಚ್ಚು ಜಾಗರೂಕತೆಯಿಂದ ಓದುವ ಅಭ್ಯಾಸ ನನಗೆ ಉಳಿದುಕೊಂಡಿದೆ.

ನಮ್ಮ ಗ್ರಾಮದ ಹಿರಿಯರೊಬ್ಬರು ತಮ್ಮ ಪಾಲಿಗೆ ಬಂದ ಕಾಫಿ ತೋಟವನ್ನು ಬಹಳ ಹಿಂದೆಯೇ ಮಾರಿ, ಮೈಸೂರಿನಲ್ಲಿ ಮನೆ ಮಾಡಿಕೊಂಡಿದ್ದರು. ಅವರು ತೀರಿಕೊಂಡ ಕೆಲವು ತಿಂಗಳ ಬಳಿಕ ಪತ್ರಿಕೆಯೊಂದರ ಒಳಪುಟದಲ್ಲಿ ಅವರ ಹೆಸರು ಹೇಳಿ, ‘ಇವರ ಎಸ್ಟೇಟ್‌ಗೆ ಸಂಬಂಧಪಟ್ಟಂತೆ’ ಎಂದು ಆರಂಭವಾಗುವ ಪ್ರಕಟಣೆ ಬಂತು. ಅವರ ತಂಗಿ ಅದನ್ನು ಓದಿದರು. ಅಣ್ಣ ಎಸ್ಟೇಟ್ ಮಾರಿ ಎಷ್ಟೋ ಕಾಲವಾಯಿತು, ಇದು ಅದೇ ಹೆಸರಿನ ಬೇರೆ ಯಾರದೋ ವಿಷಯವಿರಬೇಕು ಎಂದುಕೊಂಡು ಪತ್ರಿಕೆಯನ್ನು ಮಡಚಿಟ್ಟರು. ಆ ಪ್ರಕಟಣೆಗೂ ಕಾಫಿಗೂ ಸಂಬಂಧವೇ ಇರಲಿಲ್ಲ. ಮೈಸೂರಿನ ಮನೆ, ಬ್ಯಾಂಕಿನ ಠೇವಣಿ, ಕೈಯಲ್ಲಿದ್ದ ಚಿನ್ನ, ಅವರು ಪಡೆದಿದ್ದ ಸಾಲಗಳು, ಹೀಗೆ ಎಲ್ಲವೂ ಆ ಒಂದು ಮಾತಿನೊಳಗೆ ಸೇರಿದ್ದವು. ಮನೆ ಕಟ್ಟುವಾಗ ಅಣ್ಣನಿಗೆ ಕೈಗಡವಾಗಿ ಕೊಟ್ಟಿದ್ದ ಹಣದ ಚೀಟಿ ತಂಗಿಯ ಪೆಟ್ಟಿಗೆಯಲ್ಲಿತ್ತು. ಹದಿನೈದು ದಿನಗಳ ಗಡುವು ಮುಗಿದ ಮೇಲೆ ವಿಷಯ ತಿಳಿದು, ಅವರು ಆ ಚೀಟಿಯನ್ನು ಹಿಡಿದುಕೊಂಡು ನನ್ನ ಬಳಿಗೆ ಬಂದರು. ಸುಲಭವಾಗಿ ಒಂದು ಅರ್ಜಿಯಲ್ಲಿ ಮುಗಿಯಬಹುದಾಗಿದ್ದ ಕೆಲಸಕ್ಕೆ ವಕೀಲರ ಶುಲ್ಕ, ಮೈಸೂರಿನ ಓಡಾಟ, ಸಂಬಂಧಿಕರೊಡನೆ ಮನಸ್ತಾಪ ಎಲ್ಲವೂ ಸೇರಿಕೊಂಡವು. ಆ ಪ್ರಕಟಣೆಯನ್ನು ಬರೆದವರು ಇಂಗ್ಲಿಷ್ ನಮೂನೆಯನ್ನು ಎದುರಿಗಿಟ್ಟುಕೊಂಡು, ಆ ಒಂದು ಮಾತನ್ನು ಮಾತ್ರ ಹಾಗೆಯೇ ಕನ್ನಡ ಅಕ್ಷರಗಳಲ್ಲಿ ಇಳಿಸಿದ್ದರು. ಕನ್ನಡದಲ್ಲಿ ‘ಮೃತರು ಬಿಟ್ಟುಹೋದ ಆಸ್ತಿ ಮತ್ತು ಸಾಲಗಳ ಬಗ್ಗೆ’ ಎಂದು ಬರೆದಿದ್ದರೆ ಆ ತಾಯಿ ಅದನ್ನು ಖಂಡಿತವಾಗಿಯೂ ಕತ್ತರಿಸಿಟ್ಟುಕೊಳ್ಳುತ್ತಿದ್ದರು.

ಈ ಅರ್ಥ ನಮ್ಮ ತೋಟಗಳ ಕೂಲಿಕಾರರಿಗೂ ಮುಖ್ಯವಾದದ್ದು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಲ್ಲಿ, ಉಯಿಲನ್ನು ಜಾರಿಗೆ ತರುವವರು ಸತ್ತವರ ಸ್ವತ್ತಿನಿಂದ ಯಾವ ಖರ್ಚನ್ನು ಯಾವ ಕ್ರಮದಲ್ಲಿ ತೀರಿಸಬೇಕು ಎಂಬುದನ್ನು ಹೇಳಿದೆ. ಮೊದಲು ಉತ್ತರಕ್ರಿಯೆಯ ಮತ್ತು ಕೊನೆಯ ಕಾಯಿಲೆಯ ಖರ್ಚು. ಅನಂತರ ಕೋರ್ಟಿನಿಂದ ಪ್ರೊಬೇಟ್ (ಉಯಿಲಿಗೆ ಕೋರ್ಟು ಕೊಡುವ ದೃಢೀಕರಣ) ಮುಂತಾದ ಅಧಿಕಾರ ಪಡೆಯುವ ಖರ್ಚು. ಅದರ ಮರುಕ್ಷಣವೇ, ಸಾವಿಗೆ ಮುಂಚಿನ ಮೂರು ತಿಂಗಳಲ್ಲಿ ಮೃತರಿಗಾಗಿ ದುಡಿದ ಕೂಲಿಯಾಳು, ಕುಶಲಕರ್ಮಿ ಅಥವಾ ಮನೆಗೆಲಸದವರಿಗೆ ಸಲ್ಲಬೇಕಾದ ಕೂಲಿ. ಮೃತರಿಗೆ ಸಾಲ ಕೊಟ್ಟ ಉಳಿದವರ ಸರದಿ ಇದಾದ ಮೇಲೆ ಬರುತ್ತದೆ. ಉಯಿಲಿನಲ್ಲಿ ಹೆಸರಿರುವ ಬಂಧುಗಳ ಸರದಿ ಅದಕ್ಕೂ ಕೊನೆಗೆ. ತೋಟದ ಕೂಲಿಕಾರರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿರುವ ಕುಟುಂಬವೊಂದಕ್ಕೆ ಬಟವಾಡೆ ಬಾಕಿ ಇರುವಾಗ ಮಾಲೀಕರು ತೀರಿಕೊಂಡರೆ, ಆ ಬಾಕಿ ಕೂಲಿಗೆ ಕಾನೂನು ಕೊಟ್ಟಿರುವ ಸ್ಥಾನ ಇಷ್ಟು ಮೇಲಿನದು. ಆದರೆ ಪ್ರಕಟಣೆಯನ್ನು ಓದಿ ಹೇಳುವ ಮೇಸ್ತ್ರಿಯೂ ‘ಎಸ್ಟೇಟ್ ಮೇಲೆ ಹಕ್ಕುಳ್ಳವರು’ ಎಂದರೆ ತೋಟದ ಪಾಲುದಾರರು ಎಂದೇ ತಿಳಿಯುತ್ತಾನೆ. ಕೂಲಿಕಾರನಿಗೆ ತೋಟದ ಮೇಲೆ ಹಕ್ಕು ಎಲ್ಲಿಂದ ಬರಬೇಕು? ಅವನು ಸುಮ್ಮನಾಗುತ್ತಾನೆ. ಕಾನೂನು ತೆರೆದಿಟ್ಟ ಬಾಗಿಲು ಒಂದು ಪದದ ಕಾರಣಕ್ಕೆ ಅವನಿಗೆ ಕಾಣದೆ ಹೋಗುತ್ತದೆ.

ಈ ಒಂದು ಮಾತಿಗೆ ಇಷ್ಟು ಅರ್ಥಗಳು ಬಂದದ್ದು ಹೇಗೆ ಎಂಬುದನ್ನು ಸ್ವಲ್ಪ ನೋಡಬೇಕು. ಲ್ಯಾಟಿನ್ ಭಾಷೆಯಲ್ಲಿ ನಿಲ್ಲುವುದಕ್ಕೆ ಇದ್ದ ಧಾತುವಿನಿಂದ ‘ಸ್ಟೇಟಸ್’ ಎಂಬ ಮಾತು ಹುಟ್ಟಿತು. ಮನುಷ್ಯ ನಿಂತಿರುವ ನೆಲೆ, ಅವನ ಸ್ಥಿತಿ ಎಂಬುದು ಅದರ ಅರ್ಥ. ಹಳೆಯ ಫ್ರೆಂಚಿನವರಿಗೆ ಪದದ ಮೊದಲಲ್ಲಿ ಸಕಾರದ ಒತ್ತಕ್ಷರ ಬಂದರೆ ಅದರ ಹಿಂದೆ ಒಂದು ಸ್ವರವನ್ನು ಸೇರಿಸಿ ಹೇಳುವ ರೂಢಿಯಿತ್ತು. ನಮ್ಮ ಹಳ್ಳಿಗಳಲ್ಲಿ ಸ್ಕೂಲನ್ನು ‘ಇಸ್ಕೂಲು’ ಎನ್ನುವ ಹಾಗೆಯೇ ಅವರು ಅದನ್ನು ‘ಎಸ್ಟಾಟ್’ ಮಾಡಿಕೊಂಡರು. ಅಲ್ಲಿಂದ ಇಂಗ್ಲಿಷಿಗೆ ಬಂದು ಎಸ್ಟೇಟ್ ಆಯಿತು. ರಾಜ್ಯ ಎಂಬರ್ಥದ ‘ಸ್ಟೇಟ್’ ಕೂಡ ಅದೇ ಮೂಲದ್ದು. ನಮ್ಮ ಸ್ಥಾನ, ಸ್ಥಿತಿ, ಸ್ಥಿರ ಎಂಬ ಮಾತುಗಳ ಹಿಂದಿರುವ ಸಂಸ್ಕೃತ ಧಾತುವೂ ಆ ಲ್ಯಾಟಿನ್ ಧಾತುವೂ ಒಂದೇ ಪೂರ್ವಜ ಭಾಷೆಯಿಂದ ಬಂದವು ಎಂಬುದು ಭಾಷಾವಿಜ್ಞಾನಿಗಳು ಒಪ್ಪಿರುವ ವಿಚಾರ. ಆದ್ದರಿಂದ ‘ಸ್ಥಿರಾಸ್ತಿ’ ಎಂದು ಬರೆಯುವಾಗ ನಾವು ಯಾವ ಕೊರತೆಯನ್ನೂ ಅನುಭವಿಸಬೇಕಾಗಿಲ್ಲ. ಮೂಲದಲ್ಲಿದ್ದ ಭಾವವೇ ಅದರಲ್ಲಿದೆ.

ಇಂಗ್ಲೆಂಡನ್ನು 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ನೆಲವೆಲ್ಲ ಅರಸನದು, ಉಳಿದವರು ಅದನ್ನು ಅವನಿಂದ ಹಿಡಿದವರು ಎಂಬ ಸಿದ್ಧಾಂತ ಅಲ್ಲಿ ಬೇರೂರಿತು. ಹೀಗಾಗಿ ಅಲ್ಲಿನ ಕಾನೂನಿನಲ್ಲಿ ಪ್ರಜೆಯ ಕೈಯಲ್ಲಿ ಇದ್ದದ್ದು ನೆಲವಲ್ಲ, ನೆಲದಲ್ಲಿ ಅವನಿಗಿರುವ ಹಕ್ಕಿನ ಸ್ವರೂಪ. ಅದನ್ನೇ ಎಸ್ಟೇಟ್ ಎಂದರು. ವಂಶಪಾರಂಪರ್ಯವಾಗಿ ನಡೆಯುವ ಹಕ್ಕು ಒಂದು ಬಗೆ, ಜೀವವಿರುವವರೆಗೆ ಮಾತ್ರ ಅನುಭವಿಸುವ ಹಕ್ಕು ಇನ್ನೊಂದು ಬಗೆ. ಹಕ್ಕಿನ ಹೆಸರು ಕ್ರಮೇಣ ಜಮೀನಿಗೆ ಹತ್ತಿತು, ದೊಡ್ಡ ಜಮೀನುದಾರರ ಹಿಡುವಳಿಗೆ ಹತ್ತಿತು, ಕೊನೆಗೆ ಮನುಷ್ಯ ಸತ್ತಾಗ ಅವನ ಹೆಸರಿನಲ್ಲಿ ಉಳಿಯುವ ಎಲ್ಲಕ್ಕೂ ಹತ್ತಿತು. ಬ್ರಿಟಿಷರು ಈ ಎಲ್ಲ ಅರ್ಥಗಳನ್ನು ಗಂಟು ಕಟ್ಟಿಕೊಂಡೇ ಇಲ್ಲಿಗೆ ಬಂದರು.

ಕೊಡಗು ಅವರ ಕೈಸೇರಿದ್ದು 1834ರಲ್ಲಿ. ಯುರೋಪಿಯನ್ ತೋಟಗಾರರು ಮಡಿಕೇರಿಯ ಸುತ್ತ ಕಾಫಿ ತೋಟಗಳನ್ನು ತೆರೆಯತೊಡಗಿದ್ದು 1850ರ ದಶಕದಲ್ಲಿ. ಅವರು ತಮ್ಮ ತೋಟಗಳನ್ನು ಎಸ್ಟೇಟ್ ಎಂದು ಕರೆದರು, ನಾವೂ ಅದನ್ನೇ ಹಿಡಿದೆವು. 1942ರ ಕಾಫಿ ಕಾಯಿದೆಯಲ್ಲೂ ಈ ಮಾತಿಗೆ ಕಾಫಿ ಗಿಡ ನೆಟ್ಟ, ಒಂದೇ ಘಟಕವಾಗಿ ಆಡಳಿತ ನಡೆಯುವ ಜಾಗ ಎಂಬ ಅರ್ಥವೇ ಇದೆ. ಇಂದು ಈ ಮಾತು ನಮ್ಮದಾಗಿಬಿಟ್ಟಿದೆ, ಅದನ್ನು ಕಿತ್ತು ಹಾಕಬೇಕೆಂದು ನಾನು ಖಂಡಿತ ಹೇಳುವುದಿಲ್ಲ. ಅಷ್ಟೇ ಅಲ್ಲ, ಜನರು ಅದನ್ನು ಬಹಳ ಸೂಕ್ಷ್ಮವಾಗಿ ಬಳಸುತ್ತಾರೆ. ನಾಲ್ಕೈದು ಎಕರೆ ಇರುವ ಸಣ್ಣ ಬೆಳೆಗಾರ ಬೆಳಿಗ್ಗೆ ಎದ್ದು ‘ತೋಟಕ್ಕೆ ಹೋಗಿ ಬರುತ್ತೇನೆ’ ಎನ್ನುತ್ತಾನೆ. ಸಿದ್ದಾಪುರದ ಪೇಟೆಯಲ್ಲಿ ಜೀಪು ಹತ್ತುವ ಕೂಲಿಕಾರರು ‘ಎಸ್ಟೇಟ್ ಕೆಲಸಕ್ಕೆ’ ಹೊರಟಿರುತ್ತಾರೆ. ರೈಟರ್, ಮೇಸ್ತ್ರಿ, ಲೈನ್ ಮನೆ, ಕಣ, ಪಲ್ಪರ್ ಮನೆ ಎಲ್ಲ ಇದ್ದರೆ ಎಸ್ಟೇಟ್. ಮನೆಯವರೇ ಕಪಾತು ಮಾಡಿ, ಮನೆಯವರೇ ಹಣ್ಣು ಕುಯ್ದರೆ ತೋಟ. ಈ ವ್ಯತ್ಯಾಸವನ್ನು ಯಾವ ನಿಘಂಟೂ ನಮಗೆ ಹೇಳಿಕೊಟ್ಟದ್ದಲ್ಲ. ಇಷ್ಟು ನಿಶ್ಚಿತವಾದ ಅರ್ಥ ಒಂದು ಜಿಲ್ಲೆಯ ಜನರ ಮನಸ್ಸಿನಲ್ಲಿ ನೆಲೆಸಿರುವಾಗ, ಅದೇ ಮಾತನ್ನು ಬೇರೆ ಅರ್ಥದಲ್ಲಿ, ಯಾವ ಸೂಚನೆಯೂ ಇಲ್ಲದೆ ಅಚ್ಚು ಮಾಡುವುದು ಓದುಗರಿಗೆ ಮಾಡುವ ಅನ್ಯಾಯ.

ನ್ಯಾಯಾಲಯಗಳೇ ಈ ಮಾತಿನ ಅರ್ಥಕ್ಕಾಗಿ ತಲೆ ಕೆಡಿಸಿಕೊಂಡಿವೆ ಎಂಬುದನ್ನು ನಮ್ಮ ನೆರೆಯ ಕಾಸರಗೋಡಿನ ಉದಾಹರಣೆಯಿಂದ ತಿಳಿಯಬಹುದು. ಭೂಸುಧಾರಣೆಯ ಕಾಯಿದೆಗಳನ್ನು ಮೂಲಭೂತ ಹಕ್ಕಿನ ಹೆಸರಿನಲ್ಲಿ ರದ್ದು ಮಾಡಿಸಬಾರದೆಂದು 1951ರಲ್ಲಿ ಮೊದಲನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 31ಎ ಎಂಬ ವಿಧಿಯನ್ನು ಸೇರಿಸಲಾಯಿತು. ಆ ರಕ್ಷಣೆ ಸಿಗುವುದು ‘ಎಸ್ಟೇಟ್’ ಆದ ಜಮೀನಿಗೆ ಮಾತ್ರ ಎಂದಿತ್ತು; ಎಸ್ಟೇಟ್ ಎಂದರೆ ಆಯಾ ಪ್ರದೇಶದ ಭೂಹಿಡುವಳಿ ಕಾನೂನಿನಲ್ಲಿ ಆ ಮಾತಿಗಿರುವ ಅರ್ಥ, ಜೊತೆಗೆ ಜಾಗೀರು, ಇನಾಮು ಮುಂತಾದವು. ಮದ್ರಾಸ್ ಪ್ರಾಂತದ ಕಾನೂನಿನ ಭಾಷೆಯಲ್ಲಿ ಎಸ್ಟೇಟ್ ಎಂದರೆ ಜಮೀನ್ದಾರಿ. ರೈತವಾರಿ ಪಟ್ಟಾದ, ಅಂದರೆ ಹಿಡುವಳಿದಾರನೇ ಸರ್ಕಾರಕ್ಕೆ ನೇರವಾಗಿ ಕಂದಾಯ ಕಟ್ಟುವ ಜಮೀನು ಅದರೊಳಗೆ ಬರುತ್ತಿರಲಿಲ್ಲ. ಹಿಂದೆ ದಕ್ಷಿಣ ಕನ್ನಡಕ್ಕೆ ಸೇರಿದ್ದು 1956ರಲ್ಲಿ ಕೇರಳಕ್ಕೆ ಹೋದ ಕಾಸರಗೋಡು ಮತ್ತು ಹೊಸದುರ್ಗ ತಾಲ್ಲೂಕುಗಳ ಭೂಮಾಲೀಕರು ಇದನ್ನೇ ಆಧಾರವಾಗಿ ಹಿಡಿದು, ಕೇರಳದ ಕೃಷಿ ಸಂಬಂಧಗಳ ಕಾಯಿದೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ತಮ್ಮದು ರೈತವಾರಿ ಜಮೀನು, ಎಸ್ಟೇಟ್ ಅಲ್ಲ ಎಂಬುದು ಅವರ ವಾದ. 1961ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಬಹುಮತದಿಂದ ಆ ವಾದವನ್ನು ಒಪ್ಪಿ, ಆ ಜಮೀನುಗಳ ಮಟ್ಟಿಗೆ ಕಾಯಿದೆಯನ್ನು ಹೊಡೆದುಹಾಕಿತು. ಚಹಾ, ಕಾಫಿ, ರಬ್ಬರ್ ತೋಟಗಳಿಗೆ ಕೊಟ್ಟ ವಿನಾಯಿತಿಯನ್ನು ಅಡಿಕೆ, ಮೆಣಸಿನ ತೋಟಗಳಿಗೆ ಕೊಡದಿರುವುದು ತಾರತಮ್ಯ ಎಂದೂ ಅದೇ ತೀರ್ಪು ಹೇಳಿತು. ಇದರ ಫಲವಾಗಿ 1964ರಲ್ಲಿ ಹದಿನೇಳನೆಯ ತಿದ್ದುಪಡಿ ಬಂತು. ರೈತವಾರಿ ಜಮೀನು, ಕೃಷಿಗಾಗಿ ಹಿಡಿದ ಭೂಮಿ, ಬೀಳು, ಕಾಡು, ಹುಲ್ಲುಗಾವಲು, ಅಷ್ಟೇಕೆ, ಬೇಸಾಯಗಾರರು, ಕೃಷಿ ಕೂಲಿಕಾರರು ಮತ್ತು ಗ್ರಾಮದ ಕುಶಲಕರ್ಮಿಗಳು ವಾಸಿಸುವ ಕಟ್ಟಡಗಳ ನಿವೇಶನ ಕೂಡ ಎಸ್ಟೇಟ್ ಎಂಬ ವ್ಯಾಖ್ಯಾನದೊಳಗೆ ಸೇರಿತು. ಒಂದು ಮಾತಿನ ಅರ್ಥವನ್ನು ಹಿಗ್ಗಿಸಲು ದೇಶದ ಸಂವಿಧಾನವನ್ನೇ ತಿದ್ದಬೇಕಾಯಿತು. ಸಂವಿಧಾನದ ಈ ಎಸ್ಟೇಟ್ ಬೇರೆ, ಕಾಫಿ ಕಾಯಿದೆಯ ಎಸ್ಟೇಟ್ ಬೇರೆ. ಭೂಸುಧಾರಣೆಯ ಸುದ್ದಿ ಬರೆಯುವಾಗ ಎರಡನ್ನೂ ಒಂದೇ ಮಾತಿನಿಂದ ಕರೆದರೆ, ನಾಳೆ ನಮ್ಮ ತೋಟಕ್ಕೆ ಏನೋ ಬಂತು ಎಂದು ಬೆಳೆಗಾರ ಗಾಬರಿಯಾಗುವುದು ಸಹಜ.

ಹೆಣ್ಣುಮಕ್ಕಳ ಹಕ್ಕಿನ ವಿಷಯದಲ್ಲಿ ಈ ಮಾತು ಇನ್ನೊಂದು ವೇಷದಲ್ಲಿ ಬರುತ್ತದೆ. 1937ರ ಕಾಯಿದೆಯೊಂದು ಗಂಡ ಸತ್ತ ಹಿಂದೂ ಹೆಂಗಸಿಗೆ ಆಸ್ತಿಯಲ್ಲಿ ಹಕ್ಕು ಕೊಟ್ಟಿತಾದರೂ, ಅದು ‘ಹಿಂದೂ ಮಹಿಳೆಯ ಎಸ್ಟೇಟ್’ ಎಂಬ ಸೀಮಿತ ಹಕ್ಕು ಮಾತ್ರ ಎಂದಿತು. ಆಕೆ ಜೀವವಿರುವವರೆಗೆ ಅನುಭವಿಸಬಹುದು. ಕಾನೂನು ಒಪ್ಪುವ ಅವಶ್ಯಕತೆ ಇಲ್ಲದೆ ಪರಭಾರೆ ಮಾಡುವಂತಿಲ್ಲ. ಆಕೆಯ ನಂತರ ಅದು ಗಂಡನ ವಾರಸುದಾರರಿಗೆ ಹೋಗುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಂ ಇದನ್ನು ಬದಲಿಸಿ, ಹೆಣ್ಣಿನ ಸ್ವಾಧೀನದಲ್ಲಿರುವ ಆಸ್ತಿಗೆ ಆಕೆಯೇ ಪೂರ್ಣ ಒಡತಿ ಎಂದು ಸಾರಿತು. ಅದೇ ಕಲಮಿನ ಎರಡನೆಯ ಭಾಗದಲ್ಲಿ, ಉಯಿಲು, ದಾನಪತ್ರ, ಕೋರ್ಟಿನ ಆದೇಶ ಮುಂತಾದವೇ ಹಕ್ಕನ್ನು ಮಿತಗೊಳಿಸಿ ಕೊಟ್ಟಿದ್ದರೆ ಮಾತ್ರ ಆ ಮಿತಿ ಉಳಿಯುತ್ತದೆ ಎಂಬ ವಿನಾಯಿತಿಯೂ ಇದೆ. ಹಳೆಯ ಕಡತಗಳ ಇಂಗ್ಲಿಷ್ ನಕಲುಗಳಲ್ಲಿ ‘ಲಿಮಿಟೆಡ್ ಎಸ್ಟೇಟ್’ ಎಂಬ ಮಾತು ಇಂದಿಗೂ ಸಿಗುತ್ತದೆ. ಅಂಥ ನಕಲೊಂದನ್ನು ತಂದ ಯುವಕನೊಬ್ಬ, ತನ್ನ ಅಜ್ಜಿಯ ಆಸ್ತಿ ಯಾವುದೋ ಕಂಪನಿಗೆ ಸೇರಿಹೋಗಿದೆ ಎಂದು ನಂಬಿ ಕಣ್ಣಲ್ಲಿ ನೀರು ತಂದುಕೊಂಡು ನಿಂತಿದ್ದ. ಅವನ ಊರಿನ ದಾರಿಯಲ್ಲಿ ‘ಎಸ್ಟೇಟ್ಸ್ ಲಿಮಿಟೆಡ್’ ಎಂಬ ಹಲಗೆಗಳು ಸಾಲಾಗಿ ಇರುವಾಗ ಅವನು ಬೇರೆ ಏನೆಂದು ತಿಳಿಯಬೇಕಿತ್ತು? ಸಾಲಿಗೆ ಸಾಲು ಸೇರಿಸಿ ಓದಿ ನೋಡಿದರೆ, ಅಜ್ಜಿಗೆ ದೊರೆತಿದ್ದದ್ದು ಜೀವಿತಾವಧಿಯ ಹಕ್ಕು, ಅದು 1956ರಲ್ಲಿ ಪೂರ್ಣ ಹಕ್ಕಾಗಿ ಬದಲಾಗಿತ್ತು. ‘ಸೀಮಿತ ಹಕ್ಕು’ ಎಂಬ ಎರಡು ಮಾತು ಕನ್ನಡದಲ್ಲಿದ್ದರೆ ಆ ಕುಟುಂಬ ಅಷ್ಟು ದಿನ ನಿದ್ದೆಗೆಡುತ್ತಿರಲಿಲ್ಲ.

ಎಸ್ಟೇಟ್ ಡ್ಯೂಟಿ ಎಂಬ ತೆರಿಗೆಯ ನೆನಪು ಹಿರಿಯರಿಗೆ ಇರಬಹುದು. 1953ರ ಕಾಯಿದೆಯಿಂದ ಜಾರಿಗೆ ಬಂದು 1985ರ ಮಾರ್ಚ್‌ನಲ್ಲಿ ರದ್ದಾದ ಅದು, ಮನುಷ್ಯ ಸತ್ತಾಗ ಅವನಿಂದ ವಾರಸುದಾರರಿಗೆ ದಾಟುವ ಒಟ್ಟು ಆಸ್ತಿಯ ಮೇಲಿನ ತೆರಿಗೆ. ನಮ್ಮಲ್ಲಿ ಹಲವರು ಇದನ್ನು ಕಾಫಿ ತೋಟದ ಮೇಲಿನ ತೆರಿಗೆ ಎಂದೇ ಹೇಳುವುದನ್ನು ಕೇಳಿದ್ದೇನೆ. ತೋಟದ ಬೆಳೆಯ ವರಮಾನಕ್ಕೆ ಇದ್ದದ್ದು 1957ರ ಕೃಷಿ ಆದಾಯ ತೆರಿಗೆ ಕಾಯಿದೆ. ಎರಡೂ ಸಂಪೂರ್ಣ ಬೇರೆ. ವಾರಸಾ ತೆರಿಗೆ ಮತ್ತೆ ಬರಬೇಕೆ ಬೇಡವೇ ಎಂಬ ಚರ್ಚೆ ಆಗಾಗ ಪತ್ರಿಕೆಗಳಲ್ಲಿ ನಡೆಯುತ್ತದೆಯಾದ್ದರಿಂದ, ಅಂಥ ಲೇಖನಗಳಲ್ಲಿ ಹಳೆಯ ತೆರಿಗೆಯನ್ನು ‘ಮೃತರ ಆಸ್ತಿಯ ಮೇಲಿನ ಸುಂಕ’ ಎಂದು ಒಮ್ಮೆಯಾದರೂ ಬಿಡಿಸಿ ಹೇಳಿದರೆ ಕೊಡಗಿನ ಓದುಗರಿಗೆ ಉಪಕಾರವಾಗುತ್ತದೆ.

ಇನ್ನು ‘ರಿಯಲ್ ಎಸ್ಟೇಟ್’. ಇಲ್ಲಿನ ‘ರಿಯಲ್’ಗೆ ನಿಜವಾದದ್ದು ಎಂಬ ಅರ್ಥ ಹೊಂದುವುದಿಲ್ಲ, ಲ್ಯಾಟಿನ್ನಿನಲ್ಲಿ ವಸ್ತುವಿಗೆ ಇರುವ ಮಾತಿನಿಂದ ಅದು ಬಂದದ್ದು. ಪರಿಹಾರದ ಹಣದ ಬದಲು ಆ ವಸ್ತುವನ್ನೇ, ಅಂದರೆ ನೆಲವನ್ನೇ, ಮರಳಿ ಪಡೆಯಲು ಹೂಡಬಹುದಾಗಿದ್ದ ದಾವೆಗಳಿಂದ ಆ ಹೆಸರು ಹುಟ್ಟಿತು. ಇಂಗ್ಲಿಷಿನಲ್ಲಿ ಅದು ನೆಲ ಮತ್ತು ಕಟ್ಟಡದ ಹೆಸರು. ನಮ್ಮಲ್ಲಿ ಅದು ನಿವೇಶನ ಕೊಂಡು ಮಾರುವ ವ್ಯಾಪಾರದ ಹೆಸರಾಗಿದೆ. ‘ಅವರು ರಿಯಲ್ ಎಸ್ಟೇಟ್ ಮಾಡುತ್ತಾರೆ’ ಎನ್ನುತ್ತೇವೆ. ಇದರಿಂದ ದೊಡ್ಡ ಹಾನಿಯೇನೂ ಇಲ್ಲ. ಹಾನಿ ಇರುವುದು ಆರಂಭದಲ್ಲಿ ಹೇಳಿದ ‘ಎಸ್ಟೇಟ್ ಪ್ಲಾಟು’ ಎಂಬ ಜೋಡಿಯಲ್ಲಿ. ಬೆಂಗಳೂರಿನಿಂದ ಜಾಗ ನೋಡಲು ಬರುವವರು ಅದನ್ನು ಮನೆ ಕಟ್ಟಲು ಅನುಮತಿ ಇರುವ ನಿವೇಶನ ಎಂದು ತಿಳಿಯುತ್ತಾರೆ. ಮಾರುವವರು ಕೇಳಿದರೆ ಇದು ಎಸ್ಟೇಟ್, ಅಂದರೆ ತೋಟದ ತುಂಡು ಎನ್ನುತ್ತಾರೆ. ಕೃಷಿ ಜಮೀನಿನಲ್ಲಿ ಬಡಾವಣೆ ಮಾಡಬೇಕಾದರೆ ಕರ್ನಾಟಕ ಭೂಕಂದಾಯ ಕಾಯಿದೆಯ 95ನೆಯ ಕಲಮಿನಂತೆ ಭೂಪರಿವರ್ತನೆ ಆಗಬೇಕು. 500 ಚದರ ಮೀಟರಿಗಿಂತ ಹೆಚ್ಚಿನ ಜಾಗದಲ್ಲಿ ನಿವೇಶನಗಳನ್ನು ಮಾಡಿ ಮಾರುವ ಯೋಜನೆಯನ್ನು 2016ರ ಕಾಯಿದೆಯಡಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ಜಾಹೀರಾತಿನಲ್ಲಿ ಇವೆರಡರ ಸುಳಿವೂ ಇರುವುದಿಲ್ಲ. ಒಂದು ಮಾತಿನ ಎರಡು ಅರ್ಥಗಳ ನಡುವೆ ಕೊಳ್ಳುವವನ ಉಳಿತಾಯ ಕರಗುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಜನ ಮನೆಮಾರು ಕಳೆದುಕೊಂಡುದನ್ನು ಕಣ್ಣಾರೆ ಕಂಡ ಜಿಲ್ಲೆಯಲ್ಲಿ, ಇಳಿಜಾರಿನ ಜಾಗ ತೋಟವೋ ಬಡಾವಣೆಯೋ ಎಂಬುದು ಮಾತಿನ ಚಮತ್ಕಾರಕ್ಕೆ ಬಿಡುವಂಥ ವಿಷಯವಲ್ಲ.

ಕೊಡಗಿನ ನೆಲಕ್ಕೆ ನಮ್ಮವೇ ಆದ ಹೆಸರುಗಳಿದ್ದು, ಅವು ಈ ಇಂಗ್ಲಿಷ್ ಮಾತಿಗಿಂತ ಎಷ್ಟೋ ಪಾಲು ನಿಖರವಾಗಿವೆ. ‘ಹತ್ತು ಎಕರೆ ಎಸ್ಟೇಟ್ ಮಾರಾಟಕ್ಕಿದೆ’ ಎಂಬ ಜಾಹೀರಾತನ್ನು ನೋಡಿ ಬಂದವರ ಪಹಣಿಯನ್ನು ಬಿಡಿಸಿದರೆ, ಒಂದಿಷ್ಟು ಜಮ್ಮ ಗದ್ದೆ, ಅದಕ್ಕೆ ಸೇರಿದ ಬಾಣೆ, ಒಂದಿಷ್ಟು ಸಾಗು ಜಮೀನು ಒಟ್ಟೊಟ್ಟಿಗೆ ಇರುತ್ತವೆ. ಸಾಗು ಎಂದರೆ ಪೂರ್ಣ ಕಂದಾಯದ ಜಮೀನು. ಜಮ್ಮ ಜಮೀನು ಹಿಂದಿನ ಕಾಲದಿಂದ ಅದರ ಅರ್ಧ ಕಂದಾಯಕ್ಕೆ, ಒಕ್ಕದವರೆಲ್ಲರ, ಅಂದರೆ ಒಂದೇ ಮನೆತನದವರೆಲ್ಲರ, ಹಕ್ಕಿಗೆ ಸೇರಿ ಬಂದದ್ದು. ಬಾಣೆಯನ್ನು ಗದ್ದೆಯ ಬೇಸಾಯಕ್ಕೆ ಬೇಕಾದ ಸೊಪ್ಪು, ಸೌದೆ, ದನದ ಮೇವಿಗೆಂದು ಗದ್ದೆಯ ಜೊತೆಗೆ ಕಂದಾಯವಿಲ್ಲದೆ ಕೊಟ್ಟದ್ದು. ಕಾಫಿ ಅದರೊಳಗೆ ಬಂದದ್ದು ಆಮೇಲೆ. ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿದ ಜಮೀನು ರಿಡೀಮ್ಡ್, ಕಟ್ಟದೆ ಇರುವುದು ಅನ್‌ರಿಡೀಮ್ಡ್. ಎರಡನೆಯದರಲ್ಲಿ ನೆಲ ನಿಮ್ಮದಾದರೂ ಅಲ್ಲಿನ ಬೀಟೆ ನಿಮ್ಮದಾಗುವುದಿಲ್ಲ. ಕೊಳ್ಳುವವನಿಗೆ ತಿಳಿಯಬೇಕಾದದ್ದು ಇವು. ಎಸ್ಟೇಟ್ ಎಂಬ ಒಂದೇ ಹೊದಿಕೆಯ ಕೆಳಗೆ ಇವೆಲ್ಲ ಮರೆಯಾಗಿ, ಮುಂಗಡ ಕೊಟ್ಟ ಮೇಲೆ ಒಕ್ಕದ ಹತ್ತು ಜನರ ಒಪ್ಪಿಗೆ ಬೇಕು ಎಂಬುದು ಹೊರಬೀಳುತ್ತದೆ. ಮಾರಾಟದ ಜಾಹೀರಾತಿನಲ್ಲಿ ಜಮ್ಮವೋ ಸಾಗುವೋ, ಬಾಣೆ ಎಷ್ಟು ಎಂದು ಒಂದು ಸಾಲು ಸೇರಿಸಿದರೆ, ನಮ್ಮ ಕಚೇರಿಗಳ ಮುಂದೆ ನಡೆಯುವ ಅರ್ಧದಷ್ಟು ಜಗಳಗಳು ಹುಟ್ಟುವುದೇ ಇಲ್ಲ ಎಂದು ನನ್ನ ಅನುಭವದಿಂದ ಹೇಳಬಲ್ಲೆ.

ವಿದೇಶದ ಸುದ್ದಿಗಳ ಅನುವಾದದಲ್ಲಿಯೂ ಇದೇ ಗೊಂದಲವಿದೆ. ಬ್ರಿಟನ್ನಿನಲ್ಲಿ ಸ್ಥಳೀಯ ಸಂಸ್ಥೆಗಳು ಕಟ್ಟಿಸಿದ ವಸತಿ ಸಮುಚ್ಚಯಗಳನ್ನು ಎಸ್ಟೇಟ್ ಎನ್ನುತ್ತಾರೆ. ಲಂಡನ್ನಿನಲ್ಲಿ 2017ರ ಜೂನ್ 14ರಂದು ಬೆಂಕಿಗೆ ಸಿಲುಕಿ 72 ಜನರನ್ನು ಬಲಿ ತೆಗೆದುಕೊಂಡ 24 ಅಂತಸ್ತಿನ ಗ್ರೆನ್‌ಫೆಲ್ ಟವರ್ ಇದ್ದದ್ದು ಲ್ಯಾಂಕಾಸ್ಟರ್ ವೆಸ್ಟ್ ಎಸ್ಟೇಟ್ ಎಂಬಲ್ಲಿ. ಆ ಹೆಸರನ್ನು ವಿವರವಿಲ್ಲದೆ ಕೊಟ್ಟರೆ ನಮ್ಮವರ ಮನಸ್ಸಿಗೆ ಬರುವುದು ಬೇಸಿಗೆಯಲ್ಲಿ ತೋಟಕ್ಕೆ ಬೀಳುವ ಬೆಂಕಿ. ಹಿಂಭಾಗದಲ್ಲಿ ಸಾಮಾನು ತುಂಬಲು ಹೆಚ್ಚು ಜಾಗವಿರುವ ಕಾರಿಗೂ ಅಲ್ಲಿ ಎಸ್ಟೇಟ್ ಎಂಬ ಹೆಸರಿದೆ. ಇಂಡಸ್ಟ್ರಿಯಲ್ ಎಸ್ಟೇಟ್ ಎಂಬುದನ್ನು ಮಾತ್ರ ನಾವು ಚೆನ್ನಾಗಿ ಕನ್ನಡಕ್ಕೆ ತಂದುಕೊಂಡಿದ್ದೇವೆ. ಕುಶಾಲನಗರದ ಕೂಡ್ಲೂರನ್ನು ಕೈಗಾರಿಕಾ ಪ್ರದೇಶ ಎಂದೇ ಎಲ್ಲರೂ ಹೇಳುತ್ತಾರೆ, ಯಾರಿಗೂ ಅರ್ಥವಾಗದೆ ಉಳಿದಿಲ್ಲ.

ತಮ್ಮ ವೃತ್ತಿಗೆ ಸೇರಿದ ಒಂದು ಬಳಕೆಯನ್ನೂ ಇಲ್ಲಿ ಹೇಳಬೇಕು. ಪತ್ರಿಕೆಗಳನ್ನು ‘ಫೋರ್ತ್ ಎಸ್ಟೇಟ್’ ಎನ್ನುವುದನ್ನು ನಾವು ‘ನಾಲ್ಕನೆಯ ಅಂಗ’ ಎಂದು ಮಾಡಿಕೊಂಡಿದ್ದೇವೆ. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಬಂದುದರ ನೆನಪಿಗೆ ನಡೆಯುವ ಪತ್ರಿಕಾ ದಿನದ ಭಾಷಣಗಳಲ್ಲಿ, ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳ ನಂತರದ ನಾಲ್ಕನೆಯದು ಪತ್ರಿಕಾರಂಗ ಎಂಬ ಮಾತು ತಪ್ಪದೆ ಬರುತ್ತದೆ. ಮೂಲದ ಎಣಿಕೆ ಬೇರೆ. ಅಲ್ಲಿ ಎಸ್ಟೇಟ್ ಎಂದರೆ ಸಮಾಜದ ವರ್ಗ, ಅದರ ನೆಲೆ. ಫ್ರಾನ್ಸಿನಲ್ಲಿ ಪಾದ್ರಿಗಳು ಮೊದಲನೆಯ ವರ್ಗ, ಶ್ರೀಮಂತ ಕುಲೀನರು ಎರಡನೆಯದು, ಉಳಿದ ಜನರೆಲ್ಲ ಮೂರನೆಯದು. 1789ರ ಮೇ ತಿಂಗಳಲ್ಲಿ ವರ್ಸೇಲ್ಸ್‌ನಲ್ಲಿ ಈ ಮೂರೂ ವರ್ಗಗಳ ಸಭೆ ಸೇರಿ, ಜೂನ್ 17ರಂದು ಮೂರನೆಯ ವರ್ಗದವರು ತಮ್ಮನ್ನೇ ರಾಷ್ಟ್ರೀಯ ಸಭೆ ಎಂದು ಘೋಷಿಸಿಕೊಂಡದ್ದು ಕ್ರಾಂತಿಯ ಆರಂಭವಾಯಿತು. ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲೂ ಧರ್ಮಗುರುಗಳು, ಕುಲೀನರು, ಜನಸಾಮಾನ್ಯರ ಪ್ರತಿನಿಧಿಗಳು ಎಂಬ ಮೂರು ವರ್ಗಗಳ ಲೆಕ್ಕವಿತ್ತು. ಅಲ್ಲಿನ ವರದಿಗಾರರ ಗ್ಯಾಲರಿಯಲ್ಲಿ ಕುಳಿತಿರುವವರು ಇವರೆಲ್ಲರಿಗಿಂತ ಬಲಶಾಲಿಯಾದ ನಾಲ್ಕನೆಯ ವರ್ಗ ಎಂದು ಎಡ್ಮಂಡ್ ಬರ್ಕ್ ಹೇಳಿದನೆಂದು ಥಾಮಸ್ ಕಾರ್ಲೈಲ್ ಹತ್ತೊಂಬತ್ತನೆಯ ಶತಮಾನದಲ್ಲಿ ಬರೆದ. ಸರ್ಕಾರದ ಮೂರು ಅಂಗಗಳ ಪಕ್ಕದಲ್ಲಿ ನಿಲ್ಲುವ ನಾಲ್ಕನೆಯ ಸರ್ಕಾರಿ ಅಂಗ ಎಂಬ ಕಲ್ಪನೆ ಆ ಮಾತಿನಲ್ಲಿ ಇರಲೇ ಇಲ್ಲ. ನಮ್ಮ ಸಂವಿಧಾನವೂ ಪತ್ರಿಕೆಗೆ ಅಂಥ ಪೀಠವನ್ನು ಕೊಟ್ಟಿಲ್ಲ. ಪ್ರಜೆಯೊಬ್ಬನಿಗೆ 19ನೆಯ ವಿಧಿ ಕೊಡುವ ವಾಕ್ ಸ್ವಾತಂತ್ರ್ಯದಿಂದಲೇ ಪತ್ರಿಕೆಯ ಸ್ವಾತಂತ್ರ್ಯವೂ ಬಂದಿದೆ. ಪತ್ರಿಕೆ ಜನರ ನಡುವಿನಿಂದ ಎದ್ದ ವರ್ಗ ಎಂಬ ಮೂಲದ ಅರ್ಥವೇ ನನಗೆ ಹೆಚ್ಚು ಗೌರವದ್ದಾಗಿ ಕಾಣುತ್ತದೆ, ಆದ್ದರಿಂದಲೇ ತಮ್ಮಲ್ಲಿ ಈ ಮನವಿಯನ್ನು ಮಾಡುತ್ತಿದ್ದೇನೆ.

ಸುದ್ದಿ ಬರೆಯುವವರು ಕಾಫಿಯ ವಿಷಯವಿದ್ದಾಗ ತೋಟ ಅಥವಾ ಎಸ್ಟೇಟ್ ಎರಡನ್ನೂ ನಿರಾತಂಕವಾಗಿ ಬಳಸಲಿ. ಬೇರೆ ಎಲ್ಲ ಕಡೆ ಸಂದರ್ಭಕ್ಕೆ ತಕ್ಕ ಕನ್ನಡ ಮಾತನ್ನು ಬರೆಯಲಿ. ಮಾರಾಟದ ಜಾಹೀರಾತುಗಳಲ್ಲಿ ಕೃಷಿ ಜಮೀನು ಮತ್ತು ಪರಿವರ್ತನೆಯಾದ ನಿವೇಶನಗಳಿಗೆ ಬೇರೆ ಬೇರೆ ತಲೆಬರಹ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ವಕೀಲರ ಮೂಲಕ ಬರುವ ಮೃತರ ಪ್ರಕಟಣೆಗಳಲ್ಲಿ ‘ಎಸ್ಟೇಟ್’ ಎಂಬಲ್ಲಿ ‘ಮೃತರು ಬಿಟ್ಟುಹೋದ ಆಸ್ತಿ ಮತ್ತು ಸಾಲ’ ಎಂದು ಬರೆಯುವಂತೆ, ಹಾಗೂ ಅದರಲ್ಲಿ ಮನೆ, ಠೇವಣಿ, ಜಮೀನು, ಕೂಲಿ ಬಾಕಿ ಯಾವ್ಯಾವುದು ಸೇರಿದೆ ಎಂದು ಒಂದು ಸಾಲು ಕೊಡುವಂತೆ ತಮ್ಮ ಜಾಹೀರಾತು ವಿಭಾಗದವರು ಕೇಳಿಕೊಳ್ಳಲಿ. ವಕೀಲ ಮಿತ್ರರು ಇದಕ್ಕೆ ಅಡ್ಡಿ ಹೇಳುವರೆಂದು ನನಗೆ ಅನ್ನಿಸುವುದಿಲ್ಲ. ಪ್ರಕಟಣೆಯನ್ನು ಯಾರೂ ಅರ್ಥ ಮಾಡಿಕೊಳ್ಳಲಿಲ್ಲ ಎಂಬ ವಾದ ಮುಂದೆ ಕೋರ್ಟಿನಲ್ಲಿ ಏಳದಿರುವುದು ಅವರ ಕಕ್ಷಿದಾರರಿಗೂ ಒಳ್ಳೆಯದೇ. ಪ್ರಕಟಣೆಗೆ ಸಾಲಿನ ಲೆಕ್ಕದಲ್ಲಿ ಹಣ ಕೊಡಬೇಕಾಗಿರುವುದರಿಂದ ಮಾತುಗಳನ್ನು ಮೊಟಕು ಮಾಡುತ್ತಾರೆ ಎಂಬುದು ನನಗೆ ತಿಳಿದಿದೆ. ಆ ಒಂದು ಸಾಲಿಗೆ ಮಾತ್ರ ಪತ್ರಿಕೆಯು ಹಣ ತೆಗೆದುಕೊಳ್ಳದೆ ಅಚ್ಚು ಮಾಡಿಕೊಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪತ್ರ ಬರಹಗಾರ
ವಿರಾಜಪೇಟೆ ತಾಲ್ಲೂಕು, ಕೊಡಗು